ಮಿಂದು ಬಂದ ಗಂಡ

ಹೇಳಬೇಕೋ, ಬೇಡವೋ. ಹೇಳಿದರೆ ಬಟ್ಟೆ ಸಾಯುತ್ತದೆ ಎಂದು ಮ್ಯಾನೇಜರು ಎಚ್ಚರಿಸಿದ್ದರು. ಹೇಳದಿದ್ದರೆ ಆ ಬಟ್ಟೆಯಲ್ಲಿ ಹೇಳಿಕೊಳ್ಳುವಂಥದ್ದು ಬೇರೆ ಏನಿದೆ? ಚಿತ್ತಾರದ ಬಳ್ಳಿ ಹಳೆಯದೇ, ನೀಲಿ ಹಳೆಯದೇ, ನೂಲೂ ಹಳೆಯದೇ. ಒಗೆದ ರೀತಿಯೊಂದು ಹೊಸತು. ಆದರೆ ‘ಇದನ್ನು ತುಂಬ ಕಡಿಮೆ ನೀರಿನಲ್ಲಿ ಒಗೆದಿದ್ದೇವೆ’ ಎಂದು ಪೇಟೆಯ ಹೆಂಗಸರ ಮುಂದೆ ಹೇಳಿಕೊಳ್ಳುವುದು, ಹೆಣ್ಣು ಕೇಳಲು ಹೋದವನು ‘ನಾನು ವಾರಕ್ಕೊಂದೇ ಸಲ ಸ್ನಾನ ಮಾಡುವುದು’ ಎಂದು ಹೆಮ್ಮೆಪಟ್ಟ ಹಾಗೆ ಕೇಳಿಸಬಹುದು.

ಆರು ತುಂಡು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಫೀಫಿ ಅಮಿಸ್ಸಾ ಟೆಮಾದಿಂದ ಅಕ್ರಾದವರೆಗೂ ವ್ಯಾನಿನಲ್ಲಿ ಇದನ್ನೇ ಯೋಚಿಸುತ್ತ ಬಂದ. ಅವನು ಬಟ್ಟೆ ಗಿರಣಿಯ ಬಣ್ಣದ ಮನೆಯಲ್ಲಿ ರಸಾಯನ ನೋಡಿಕೊಳ್ಳುವವನು. ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಮದುವೆ ಭಾಷಣಕ್ಕೂ ಸಾಲದು.

“ಬಾಸ್, ನೀವು ಮಾತಾಡ್ತಿದೀರೋ, ಇಲ್ಲ ತುಟಿ ತಾನಾಗೇ ಅಲ್ಲಾಡ್ತಿದೆಯೋ?” ಎಂದ ಡ್ರೈವರ್ ಸೈದು.

“ಏನಿಲ್ಲ.”

“ಏನಿಲ್ಲ ಅಂತ ಟೆಮಾ ಬಿಟ್ಟಾಗಿಂದ ಹೇಳ್ತಿದೀರಿ. ಇಷ್ಟು ಹೊತ್ತಿಗೆ ಏನಾದ್ರೂ ಇರ್ಬೇಕಿತ್ತಪ್ಪ.”

ಇದ್ದದ್ದು ಇಷ್ಟು. ಗಿರಣಿಯಲ್ಲಿ ಬಟ್ಟೆಗೆ ಮೊದಲು ಬಿಸಿ ರಾಳದಲ್ಲಿ ಚಿತ್ತಾರ ಒತ್ತುತ್ತಾರೆ. ಆಮೇಲೆ ನೀಲಿಯಲ್ಲಿ ಅದ್ದುತ್ತಾರೆ. ರಾಳ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ, ಹಾಗೆ ಚಿತ್ತಾರ ಮೂಡುತ್ತದೆ. ಕೊನೆಗೆ ರಾಳವನ್ನು ಒಗೆದು ತೆಗೆಯಬೇಕು. ಆ ಒಗೆತದ ನೀರು ನಲವತ್ತು ವರ್ಷಗಳಿಂದ ಗಿರಣಿಯ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳದ ದಂಡೆಯಲ್ಲಿ ಬೆಂಡೆ ಬೆಳೆಯುವ ಹೆಂಗಸರಿಗೆ ಈ ಸಲ ಯಾವ ಬಣ್ಣ ನಡೆಯುತ್ತದೆ ಎಂಬುದು ಪೇಟೆಯವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಫೀಫಿ ಮೂರು ವರ್ಷ ಕೂತು ಒಂದು ಹೊಸ ಯಂತ್ರ ಹೊಂದಿಸಿದ್ದ. ಅದು ಒಂದೇ ಬಿಸಿನೀರನ್ನು ಸುತ್ತಿಸಿ ಸುತ್ತಿಸಿ ಒಗೆಯುತ್ತಿತ್ತು, ರಾಳವನ್ನು ಚೂರೂ ಬಿಡದೆ ಹೆಕ್ಕಿ ಮರಳಿ ಕೊಡುತ್ತಿತ್ತು, ಹಳ್ಳಕ್ಕೆ ಏನನ್ನೂ ಬಿಡುತ್ತಿರಲಿಲ್ಲ. ಅವನಿಗೆ ಮಕ್ಕಳಿರಲಿಲ್ಲ. ಯಂತ್ರದ ಬಗ್ಗೆ ಯಾರಾದರೂ ಕೇಳಿದರೆ ಅವನ ಮುಖದಲ್ಲಿ ಮೂಡುತ್ತಿದ್ದುದು ಮಗುವಿನ ಅಂಕಪಟ್ಟಿ ತೋರಿಸುವ ಅಪ್ಪನ ಸಂಕೋಚ.

ಈ ದಿನ ಬೆಳಿಗ್ಗೆ ಮ್ಯಾನೇಜರ್ ಅಡೊಟೆ ಅವನನ್ನು ಕರೆಸಿದ್ದರು.

“ಕೂತ್ಕೋ. ನಿನ್ನ ಯಂತ್ರ ಹಳ್ಳಕ್ಕೆ ಒಳ್ಳೇದು. ಒಪ್ಪಿದೆ. ಆದ್ರೆ ಹಳ್ಳ ಬಟ್ಟೆ ಕೊಳ್ಳಲ್ಲ, ಫೀಫಿ.”

ಫೀಫಿ ಕೂತ.

“ನಾವು ಹೊಸ ಬಟ್ಟೆ ಬಿಟ್ರೆ ಆರು ವಾರದಲ್ಲಿ ಅದರ ನಕಲು ಹಡಗಿಂದ ಇಳಿಯುತ್ತೆ, ಅರ್ಧ ಬೆಲೆಗೆ. ಇಲ್ಲಿ ಮುನ್ನೂರು ಜನ ಇದಾರೆ. ಆ ಆರು ವಾರದಲ್ಲೇ ಇವರೆಲ್ಲರ ವರ್ಷದ ಅನ್ನ ಹುಟ್ಟಬೇಕು. ಇವತ್ತು ಮಕೋಲಾ ಪೇಟೆಗೆ ಹೋಗು. ಸಂಜೆಯೊಳಗೆ ಮಾಮೆ ಫ್ರೆಮಾ ಕೈಲಿ ಈ ಬಟ್ಟೆಗೆ ಹೆಸರು ಇಡಿಸ್ಕೊಂಡು ಬಾ. ಹೆಸರು ಬಂದ್ರೆ ಯಂತ್ರ ಓಡುತ್ತೆ. ಬರ್ಲಿಲ್ಲ, ನಿಲ್ಲಿಸ್ತೀನಿ. ಮತ್ತೆ ಅವರ ಹತ್ರ ನೀರು ಗೀರು ಅಂತ ಬಾಯಿ ಬಿಡ್ಬೇಡ. ಕಮ್ಮಿ ನೀರು ಅಂದ್ರೆ ಕೊಳೆ ಅಂತ ತಿಳ್ಕೋತಾರೆ.”

ಅಡೊಟೆ ಕೆಟ್ಟವರಲ್ಲ. ಹೋದ ವರ್ಷ ನಲವತ್ತು ಜನರನ್ನು ಮನೆಗೆ ಕಳಿಸಿದ ದಿನ ಅವರು ಕಚೇರಿಯ ಬಾಗಿಲು ಹಾಕಿಕೊಂಡು ಊಟ ಮಾಡದೆ ಕೂತಿದ್ದನ್ನು ಫೀಫಿ ಕಂಡಿದ್ದ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಅನುಕೂಲವೂ ಅವನಿಗಿರಲಿಲ್ಲ.

ಹೆಸರಿನ ವಿಷಯ ಹೀಗೆ. ಗಿರಣಿ ಬಟ್ಟೆಗೆ ನಂಬರು ಕೊಡಬಹುದು. ಹೆಸರು ಕೊಡುವವರು ಪೇಟೆಯ ಹೆಂಗಸರು. ನಂಬರಿನ ಬಟ್ಟೆಯನ್ನು ಯಾರೂ ಉಡುವುದಿಲ್ಲ. ‘ನನ್ನ ಸವತಿಗೆ ಹಲ್ಲುನೋವು’ ಎಂಬ ಹೆಸರು ಬಿದ್ದ ಹಳದಿ ಬಟ್ಟೆ ಒಂಬತ್ತು ವರ್ಷ ಓಡಿತು. ಅದಕ್ಕಿಂತ ಚೆಂದದ ಹಸಿರು ಬಟ್ಟೆಯೊಂದು ಯಾವ ಹೆಸರೂ ಬೀಳದೆ, ಕೊನೆಗೆ ಗಿರಣಿಯ ಕ್ಯಾಂಟೀನಿನ ಪರದೆಯಾಯಿತು. ಫೀಫಿಯ ತೊಡೆಯ ಮೇಲಿದ್ದದ್ದು ನಂಬರು ನಾಲ್ಕು ಸಾವಿರದ ನಾನೂರ ಹದಿನೇಳು.

ಬಟ್ಟೆ ಸಾಲಿನ ಮೊದಲ ಅಂಗಡಿ ಡುಫಿಯೆಯದು. ಅವಳನ್ನು ದಾಟದೆ ಮಾಮೆ ಫ್ರೆಮಾಳನ್ನು ಮುಟ್ಟುವಂತಿರಲಿಲ್ಲ, ಅವಳು ದಾಟಗೊಡುವವಳೂ ಅಲ್ಲ.

“ಏ ಗಿರಣಿ ತಮ್ಮ, ಎಲ್ಲಿಗೆ? ಏನದು ಕಂಕುಳಲ್ಲಿ? ಮಗು ಥರ ಅಪ್ಕೊಂಡಿದೀಯ.”

“ಹೊಸ ಬಟ್ಟೆ, ಅಕ್ಕಾ. ಮಾಮೆಗೆ ತೋರಿಸ್ಬೇಕು.”

“ನನಗೆ ತೋರಿಸಿದ್ರೆ ಸವೆಯುತ್ತಾ?” ಎನ್ನುತ್ತ ಅವಳು ಒಂದು ತುಂಡನ್ನು ಎಳೆದುಕೊಂಡು ನೇರ ಮೂಗಿಗೆ ಹಿಡಿದಳು. ಮೂಸಿದಳು. ಮತ್ತೆ ಮೂಸಿದಳು. ಪಕ್ಕದವಳಿಗೆ ಕೊಟ್ಟಳು. ಅವಳೂ ಮೂಸಿದಳು.

“ನೆಗಡಿ ಆಗಿರೋದು ನನಗೋ, ನಿನ್ನ ಬಟ್ಟೆಗೋ?” ಎಂದಳು ಡುಫಿಯೆ.

“ಯಾಕಕ್ಕಾ?”

“ರಾಳದ ವಾಸನೇನೇ ಇಲ್ಲ. ನಮ್ಮಜ್ಜಿ ಪೆಟ್ಟಿಗೆ ತೆಗೆದ್ರೆ ಬೀದಿ ಕೊನೆವರೆಗೂ ಗೊತ್ತಾಗ್ತಿತ್ತು, ಈ ಮುದುಕಿ ಮದುವೆಗೆ ಹೊರಟ್ಳು ಅಂತ. ವಾಸನೆ ಇಲ್ದೆ ಇರೋದು ನಕಲಿ ಬಟ್ಟೆ. ಏನಪ್ಪಾ, ನಿಮ್ಮ ಗಿರಣೀನೂ ಈಗ ಹಡಗಿಂದ ಇಳಿಸ್ಕೊಂಡು ಮಾರ್ತಿದೆಯಾ?”

ಫೀಫಿಗೆ ಉತ್ತರ ಗೊತ್ತಿತ್ತು. ಹಳೆಯ ತೊಟ್ಟಿಗಳಲ್ಲಿ ರಾಳ ಪೂರ್ತಿ ಹೋಗುತ್ತಿರಲಿಲ್ಲ. ಉಳಿದ ಕೊಳೆಯೇ ಆ ವಾಸನೆ. ನಲವತ್ತು ವರ್ಷ ಸರಿಯಾಗಿ ಒಗೆಯದೆ ಕಳಿಸಿದ್ದನ್ನು ಈ ಜನ ನಂಬಿಕೆ ಎಂದು ಮೂಸಿಕೊಂಡು ಬಂದಿದ್ದರು. ಆದರೆ ಇದನ್ನು ಇವಳಿಗೆ ಹೇಳಿದರೆ ಅಜ್ಜಿಯ ಪೆಟ್ಟಿಗೆಯನ್ನೇ ಬೈದಂತಾಗುತ್ತದೆ. ಡುಫಿಯೆ ಆ ತುಂಡನ್ನು ಹಿಂದಕ್ಕೆ ಕೊಡದೆ ಮುಂದಿನ ಅಂಗಡಿಯವಳಿಗೆ ತೋರಿಸಲು ಹೊರಟೇಬಿಟ್ಟಳು. ಗಿರಣಿಯವನು ನಕಲಿ ತಂದಿದ್ದಾನೆ ಎಂಬ ಸುದ್ದಿ ಅವನಿಗಿಂತ ಮುಂದೆ ಸಾಲಿನುದ್ದಕ್ಕೂ ನಡೆಯಿತು.

ವ್ಯಾನಿಗೆ ಮರಳಿದಾಗ ಸೈದು ಮೆಕ್ಕೆಜೋಳದ ಕೆಂಕೆ ಉಂಡೆ ಬಿಚ್ಚಿ ಮೀನಿನ ಜೊತೆ ತಿನ್ನುತ್ತಿದ್ದ. ಕತೆ ಕೇಳಿ ಬೆರಳು ನೆಕ್ಕಿಕೊಂಡ.

“ಇಷ್ಟೇನಾ. ವಾಸನೆ ಬೇಕು ಅಂತಾರೆ, ವಾಸನೆ ಕೊಡೋಣ. ಹಿಂದುಗಡೆ ಸೀಮೆಎಣ್ಣೆ ಡಬ್ಬ ಇದೆ. ಒಂದೊಂದು ತೊಟ್ಟು ಸವರಿದ್ರೆ ರಾಳಕ್ಕೂ ಅದಕ್ಕೂ ಏನು ವ್ಯತ್ಯಾಸ? ಎರಡೂ ಮೂಗಿಗೆ ಹೊಡೆಯುತ್ತೆ.”

“ಅದು ಮೋಸ, ಸೈದು.”

“ಬಾಸ್, ಹೆಸರಿಲ್ದೆ ವಾಪಸ್ ಹೋದ್ರೆ ಯಂತ್ರ ನಿಲ್ಲುತ್ತೆ. ಹಳ್ಳಕ್ಕೋಸ್ಕರ ಒಂದು ತೊಟ್ಟು ಮೋಸ ಮಾಡಿದ್ರೆ ದೇವರು ಲೆಕ್ಕಕ್ಕೆ ತಗೊಳ್ಳಲ್ಲ.”

ಫೀಫಿ ಯೋಚಿಸುತ್ತ ನಿಂತ. ಅವನು ಯೋಚಿಸುತ್ತ ನಿಂತರೆ ಒಪ್ಪಿದ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಸೈದು ಡಬ್ಬ ಎತ್ತಿದ. ಹಿಂದಿನಿಂದ ಯಾರೋ ತಳ್ಳುಗಾಡಿಯವನು ‘ದಾರಿ, ದಾರಿ’ ಎಂದು ಕೂಗುತ್ತ ಸೈದುವಿನ ಮೊಣಕೈಗೆ ತಗಲಿಸಿಕೊಂಡು ಹೋದ. ಒಂದು ತೊಟ್ಟು ಎಂದುಕೊಂಡಿದ್ದದ್ದು ಅರ್ಧ ಡಬ್ಬವಾಗಿ ಫೀಫಿಯ ಬಲಗೈ, ಅಂಗಿ ಮತ್ತು ಐದೂ ತುಂಡುಗಳ ಮೇಲೆ ಸುರಿಯಿತು.

“ಸ್ವಲ್ಪ ಜಾಸ್ತಿ ಆಯ್ತು,” ಎಂದ ಸೈದು.

ಬೇರೆ ದಾರಿ ಇರಲಿಲ್ಲ. ಇದ್ದುದರಲ್ಲಿ ಕಡಿಮೆ ನೆನೆದಿದ್ದ ಒಂದು ತುಂಡನ್ನು ಹಿಡಿದುಕೊಂಡು ಫೀಫಿ ಸಾಲಿನ ತಿರುವಿನಲ್ಲಿದ್ದ ಮಾಮೆ ಫ್ರೆಮಾಳ ಅಂಗಡಿಗೆ ಹೋದ. ಎಪ್ಪತ್ತು ದಾಟಿದ ಹೆಂಗಸು. ಮೋಡದ ಹಾಗೆ ಒಟ್ಟಿದ ಬಟ್ಟೆಗಳ ನಡುವೆ ಚಿಕ್ಕ ಮಣೆಯ ಮೇಲೆ ಕೂತಿದ್ದಳು. ಬಟ್ಟೆ ಸಾಲಿಗೆ ಅವಳೇ ರಾಣಿ. ಅಲ್ಲಿ ಜಗಳ ಹುಟ್ಟಿದರೆ ಅವಳ ಮಾತೇ ಕೊನೆ.

ಬಲಗೈ ಸೀಮೆಎಣ್ಣೆಯಲ್ಲಿ ತೊಯ್ದಿತ್ತು. ಅದನ್ನು ಆಕೆಯ ಮೂಗಿನ ಬಳಿ ಒಯ್ಯುವುದು ಹೇಗೆ? ಫೀಫಿ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿ, ಬಗ್ಗಿ, ಅತ್ಯಂತ ಗೌರವದಿಂದ, ಎಡಗೈಯಲ್ಲಿ ಬಟ್ಟೆಯನ್ನು ನೀಡಿದ.

ಪಕ್ಕದಂಗಡಿಯ ಹೊಲಿಗೆ ಯಂತ್ರ ನಿಂತಿತು. ಹಿರಿಯರಿಗೆ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟ ಸೊಸೆಯನ್ನು ತವರಿಗೆ ಕಳಿಸಿದ ಮನೆಗಳಿವೆ. ಇವನು ಇಡೀ ಸಾಲಿನ ಎದುರು, ರಾಣಿಗೆ.

ಮಾಮೆ ಫ್ರೆಮಾ ಬಟ್ಟೆಯನ್ನು ತೆಗೆದುಕೊಳ್ಳಲಿಲ್ಲ.

“ಆ ಇನ್ನೊಂದು ಕೈಗೆ ಏನಾಗಿದೆ, ಮಗಾ?”

“ಏನಿಲ್ಲ, ಮಾಮೆ.”

“ಏನೂ ಆಗದ ಕೈನ ಬೆನ್ನ ಹಿಂದೆ ಇಟ್ಕೊಳ್ಳೋರು ಇಬ್ಬರೇ. ಕಳ್ಳರು, ಇಲ್ಲ ವೋಟು ಕೇಳೋರು. ನೀನು ಯಾವ ಪೈಕಿ?”

ಫೀಫಿ ಕೈಯನ್ನು ಮುಂದೆ ತಂದ. ಅವಳು ಬಗ್ಗಬೇಕಾಗಲಿಲ್ಲ, ವಾಸನೆಯೇ ಅವಳ ಬಳಿಗೆ ಹೋಯಿತು. ಪಕ್ಕದಲ್ಲಿ ಬಾಳೆಹಣ್ಣು ಕರಿಯುತ್ತಿದ್ದವಳು ತನ್ನ ಒಲೆಯನ್ನು ಎರಡು ಮಾರು ಆಚೆ ಎಳೆದುಕೊಂಡಳು.

“ಸೀಮೆಎಣ್ಣೆ,” ಎಂದಳು ಮಾಮೆ. “ನಿಮ್ಮ ಗಿರಣಿ ಈಗ ಉಡೋಕೆ ಬಟ್ಟೆ ಮಾಡೋದು ಬಿಟ್ಟು ಒಲೆ ಹಚ್ಚೋಕೆ ಮಾಡ್ತಿದೆಯಾ?”

ಸಾಲಿನಲ್ಲಿ ಯಾರೋ ನಕ್ಕರು. ಫೀಫಿ ನೆಲ ನೋಡಿದ.

“ಇವನ ಹತ್ರ ಮಾತು ಹೊರಡಿಸೋದಕ್ಕಿಂತ ಆಮೆ ಕೈಲಿ ಹಾಡಿಸೋದು ಸುಲಭ,” ಎಂದಳು ಡುಫಿಯೆ, ಅಷ್ಟರಲ್ಲಿ ಅಲ್ಲಿಗೆ ಬಂದು.

“ಹೋಗು,” ಎಂದಳು ಮಾಮೆ. “ಹಿಂದುಗಡೆ ಸ್ನಾನದ ಕಟ್ಟೆ ಇದೆ. ಮಿಂದು ಬಾ. ಎಡಗೈನ ನಾನು ನೋಡೇ ಇಲ್ಲ ಅಂತ ಇಟ್ಕೋತೀನಿ. ನಿನ್ನ ಮುಖ ನೋಡಿದ್ರೆ ಬೇಕಂತ ಮಾಡಿದ ಹಾಗಿಲ್ಲ. ಬಲಗೈ ತಗೊಂಡು ಬಾ.”

ಕಡಿಮೆ ನೀರಿನ ಯಂತ್ರ ಮಾಡಿದವನ ಮೈಗೆ ಐದು ಬಕೆಟ್ ನೀರು ಬೇಕಾಯಿತು. ಬಟ್ಟೆ ಸೋಪಿನಿಂದ ಮೂರು ಸಲ, ಮೈ ತಿಕ್ಕುವ ಬಲೆಯ ತುಂಡಿನಿಂದ ಮೂರು ಸಲ ಉಜ್ಜಿಕೊಂಡ. ನೀಲಿ ಬಣ್ಣದ ಹನ್ನೊಂದು ವರ್ಷದ ಕಲೆಯೂ ಉಗುರಿನಿಂದ ಅರ್ಧ ಹೋಯಿತು. ಅಂಗಿ ತೊಡುವ ಹಾಗಿರಲಿಲ್ಲ. ಸೈದು ಶುಕ್ರವಾರದ ಪ್ರಾರ್ಥನೆಗೆಂದು ವ್ಯಾನಿನಲ್ಲಿ ಮಡಿಸಿಟ್ಟಿದ್ದ ಬಿಳಿ ನಿಲುವಂಗಿ ಕೊಟ್ಟ. ಕಟ್ಟೆಯಿಂದ ಹೊರಬಂದ ಫೀಫಿಗೆ ತನ್ನ ಮೈ ತನ್ನದಲ್ಲ ಎನಿಸಿತು. ಬೆವರಿಲ್ಲ, ರಾಳವಿಲ್ಲ, ಏನೂ ಇಲ್ಲ. ಯಾರ ಮನೆಯವನೆಂದು ನಾಯಿಯೂ ಗುರುತಿಸದ ಹಾಗೆ.

ಸೀಮೆಎಣ್ಣೆ ತಾಗದ ಒಂದೇ ತುಂಡು ಡುಫಿಯೆಯ ಕೈಯಲ್ಲಿತ್ತು. ಅವಳಿಂದ ಅದನ್ನು ಬೇಡಿಕೊಂಡು, ಬಲಗೈಯಲ್ಲಿ, ಮಂಡಿಯೂರಿ ಕೊಟ್ಟ. ಈ ಸಲ ಮಾಮೆ ತೆಗೆದುಕೊಂಡಳು. ಮೂಸಿದಳು. ಉಗುರಿನಿಂದ ಗೀರಿದಳು. ಅಂಚನ್ನು ಬಾಯಲ್ಲಿಟ್ಟು ಕಡಿದು, ಬಣ್ಣ ಬಿಟ್ಟಿತೇ ಎಂದು ಅಂಗೈಗೆ ಒತ್ತಿ ನೋಡಿದಳು. ಬಿಸಿಲಿಗೆ ಹಿಡಿದಳು.

“ನಕಲಿ ಅಲ್ಲ ಕಣೇ, ಡುಫಿಯೆ.”

“ವಾಸನೆ ಇಲ್ವಲ್ಲ, ಮಾಮೆ.”

“ಈ ಬಿರುಕು ಗೆರೆ ನೋಡು. ಒಣಗಿದ ರಾಳ ಒಡೆದು ಬಣ್ಣ ನುಗ್ಗಿದ್ದು. ನಕಲಿನೋರು ಬಿರುಕನ್ನೂ ಅಚ್ಚು ಹಾಕ್ತಾರೆ, ಗಜಗಜಕ್ಕೂ ಅದೇ ಬಿರುಕು. ಇಲ್ಲಿ ಒಂದರ ಥರ ಇನ್ನೊಂದಿಲ್ಲ. ನಮ್ಮ ರಾಳಾನೇ ಇದು.” ಅವಳು ಫೀಫಿಯ ಕಡೆ ತಿರುಗಿದಳು. “ಹಾಗಾದ್ರೆ ಆ ವಾಸನೆ ಎಲ್ಲಿಗೆ ಹೋಯ್ತು?”

ಕೇಳಿದ್ದು ಅದೇ ಪ್ರಶ್ನೆ. ಮೂರು ವರ್ಷ ಯಾರೂ ಕೇಳದ್ದು. ಫೀಫಿ ಗಂಟಲು ಸರಿಮಾಡಿಕೊಂಡ. ಹೇಳಿಬಿಡಬೇಕು ಎಂದುಕೊಂಡ. ಆದರೆ ಅವನಿಗೆ ಮೊದಲ ಪದ ಸಿಗುವಷ್ಟರಲ್ಲಿ ಡುಫಿಯೆಗೆ ಹತ್ತು ವಾಕ್ಯ ಸಿಕ್ಕಿದ್ದವು.

“ಇವನನ್ನೇನು ಕೇಳ್ತೀರಿ ಮಾಮೆ, ಇವನನ್ನೇ ನೋಡಿ. ಬೆಳಿಗ್ಗೆ ಬಂದಾಗ ಗಂಡಸಿನ ಥರ ನಾರ್ತಿದ್ದ. ಈಗ ಮೂಸಿದ್ರೆ ಏನೂ ಇಲ್ಲ. ನಮ್ಮೆಜಮಾನ್ರು ಶನಿವಾರ ಸಂಜೆ ಹಿಂಗೇ ಬರ್ತಾರೆ. ಓವರ್‌ಟೈಮ್ ಅಂತಾರೆ. ದಿನಾ ಕಬ್ಬಿಣ ಕಾಯಿಸೋ ಮನುಷ್ಯ ಶನಿವಾರ ಮಾತ್ರ ಓವರ್‌ಟೈಮ್ ಮುಗಿಸಿ, ಈಗಷ್ಟೇ ಹುಟ್ಟಿದ ಕೂಸಿನ ಥರ ಬರ್ತಾನೆ. ನಾನು ಊಟಕ್ಕೆ ಬಡಿಸ್ತೀನಿ, ಮೂಸ್ತೀನಿ. ಏನೂ ವಾಸನೆ ಬರಲ್ಲ. ಅದರಿಂದಲೇ ನಂಗೆ ಗೊತ್ತಾಗುತ್ತೆ.”

ಸಾಲಿಗೆ ಸಾಲೇ ನಕ್ಕಿತು. ಒಬ್ಬಳು ಬಟ್ಟೆ ಗಂಟಿನ ಮೇಲೆ ಬಿದ್ದು ನಕ್ಕಳು. ನಗು ನಿಂತ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಪ್ರತಿಯೊಬ್ಬಳೂ ತನ್ನದೊಂದು ಸಂಜೆಯನ್ನು ಬಿಚ್ಚಿ ನೋಡಿ ಮತ್ತೆ ಮಡಿಸಿಡುತ್ತಿದ್ದಂತಿತ್ತು. ಫೀಫಿಗೆ ಮೌನಗಳ ಪರಿಚಯವಿತ್ತು. ಇಂಥದ್ದನ್ನು ಅವನು ಎಂದೂ ಕೇಳಿರಲಿಲ್ಲ.

ಮಾಮೆ ಫ್ರೆಮಾ ಬಟ್ಟೆಯನ್ನು ಇನ್ನೊಮ್ಮೆ ಮೂಸಿದಳು.

“ಮಿಂದು ಬಂದ ಗಂಡ,” ಎಂದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರು ಜನ ಒಟ್ಟಿಗೆ ಕೈಚೀಲದಿಂದ ಫೋನು ತೆಗೆದರು, ಅಷ್ಟೇ. “ಕುಮಾಸಿಲಿ ನಮ್ಮ ತಂಗಿಗೆ ಇನ್ನೂರು ತುಂಡು ಬರ್ಕೊಳ್ಳಿ.” “ಲೋಮೆಗೆ ಐನೂರು.” “ನಂಗೊಂದು ಈಗ್ಲೇ ಬೇಕು, ಭಾನುವಾರ ಚರ್ಚಿಗೆ. ಅವರ ಪಕ್ಕದಲ್ಲೇ ಕೂತ್ಕೋತೀನಿ, ಏನೂ ಮಾತಾಡಲ್ಲ.”

“ಮಾಮೆ,” ಎಂದ ಫೀಫಿ, “ನಿಜ ಏನಂದ್ರೆ, ವಾಸನೆ ಯಾಕಿಲ್ಲ ಅಂದ್ರೆ…”

ಅವಳು ಕೈ ಎತ್ತಿದಳು. “ಬೇಡ. ಕಾರಣ ಹೇಳಿದ್ರೆ ಹೆಸರು ಸತ್ತೋಗುತ್ತೆ. ಗಂಡ ಹೇಳಲ್ಲ, ಹೆಂಡ್ತಿ ಕೇಳಲ್ಲ, ಅದಕ್ಕೇ ಈ ಬಟ್ಟೆ. ಆದ್ರೆ ಒಂದು ಮಾತು ನಿಮ್ಮ ಮ್ಯಾನೇಜರಿಗೆ ಹೇಳು. ಒಂದೇ ಒಂದು ತುಂಡು ರಾಳ ನಾರಿದ್ರೂ ಹೆಸರು ಸುಳ್ಳಾಗುತ್ತೆ. ನನ್ನ ಮೂಗಿಗೆ ವಾಸನೆ ತಾಗ್ತೋ, ಇಡೀ ಗಾಡಿ ವಾಪಸ್ಸು. ಆಮೇಲೆ ಈ ಸಾಲಿಗೆ ಕಾಲಿಡ್ಬೇಡಿ.”

ಟೆಮಾಕ್ಕೆ ಹಿಂದಿರುಗುವ ದಾರಿಯಲ್ಲಿ ಸೈದು ಹಾಡಿದ. ಫೀಫಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಸಂತೋಷವಾಗಿತ್ತು. ತಪ್ಪು ಕಾರಣಕ್ಕೆ ಗೆದ್ದರೂ ಗೆದ್ದದ್ದೇ ಅಲ್ಲವೇ. ಬಟ್ಟೆಯನ್ನು ಗಂಡಂದಿರ ಮೇಲಿನ ಅನುಮಾನಕ್ಕೆ ಕೊಂಡರೇನು, ಹಳ್ಳದ ಮೇಲಿನ ಪ್ರೀತಿಗೆ ಕೊಂಡರೇನು? ಯಂತ್ರ ಓಡುತ್ತದೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಕಾರಣವೇ ಬೇಕೆಂದು ಹಟ ಹಿಡಿಯುವುದೂ ಒಂದು ಬಗೆಯ ಅಹಂಕಾರ ಎಂದುಕೊಂಡ. ಈ ಯೋಚನೆ ಅವನಿಗೆ ಹಿತವೆನಿಸಿ ಎರಡು ಸಲ ಯೋಚಿಸಿದ.

ಗಿರಣಿಯ ಗೇಟಿನಲ್ಲಿ ಅಡೊಟೆ ಅವರೇ ನಿಂತಿದ್ದರು. ನಿಲುವಂಗಿಯ ಸಮೇತ ಅವನನ್ನು ತಬ್ಬಿಕೊಂಡರು.

“ಮಧ್ಯಾಹ್ನದಿಂದ ಫೋನು ಕೆಳಗಿಟ್ಟಿಲ್ಲ ಕಣಯ್ಯಾ. ಹನ್ನೆರಡು ಸಾವಿರ ತುಂಡು. ನೀರಿನ ವಿಷಯ ಏನೂ ಹೇಳಲಿಲ್ಲ ತಾನೇ?”

“ಇಲ್ಲ ಸಾರ್.”

“ಒಳ್ಳೇದು ಮಾಡ್ದೆ. ಹೋದ ವರ್ಷ ಮನೆಗೆ ಕಳಿಸಿದ ನಲವತ್ತು ಜನಕ್ಕೂ ಹೇಳಿ ಕಳಿಸಿದೀನಿ, ನಾಳೆಯಿಂದ ಬನ್ನಿ ಅಂತ. ಬಾ, ಒಗೆಯೋ ಕಡೆ ಹೋಗೋಣ.”

ಒಗೆಯುವ ಮನೆಯಲ್ಲಿ ನಾಲ್ಕೂ ಹಳೆಯ ತೊಟ್ಟಿಗಳು ಭೋರ್ಗರೆಯುತ್ತಿದ್ದವು. ಮೂಲೆಯಲ್ಲಿ ಫೀಫಿಯ ಯಂತ್ರ ನಿಂತಿತ್ತು. ಅವನು ಅದರ ಮೇಲೆ ಕೈಯಿಟ್ಟ. ತಣ್ಣಗಿತ್ತು.

“ಸಾರ್, ಹೆಸರು ಬಂದ್ರೆ ಇದು ಓಡುತ್ತೆ ಅಂದಿದ್ರಿ.”

“ಅಂದಿದ್ದೆ. ಆದ್ರೆ ಹೆಸರು ಇಷ್ಟು ದೊಡ್ಡದಾಗಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ನಿನ್ನ ಯಂತ್ರ ದಿನಕ್ಕೆ ಇನ್ನೂರು ತುಂಡು ಒಗೆಯುತ್ತೆ. ಹನ್ನೆರಡು ಸಾವಿರಕ್ಕೆ ಎರಡು ತಿಂಗಳು ಬೇಕು. ನಕಲು ಆರೇ ವಾರದಲ್ಲಿ ಇಳಿಯುತ್ತೆ. ಇರೋದು ಒಂದೇ ಬಾಯ್ಲರ್, ಹಬೆ ಇದಕ್ಕೆ ಕೊಟ್ರೆ ತೊಟ್ಟಿಗಳಿಗೆ ಸಾಲಲ್ಲ.”

“ತೊಟ್ಟೀಲಿ ಒಗೆದ್ರೆ ರಾಳ ಉಳಿಯುತ್ತೆ ಸಾರ್. ವಾಸನೆ ಬರುತ್ತೆ.”

“ಒಂದು ಸಲ ಒಗೆದ್ರೆ ಬರುತ್ತೆ. ಮಾಮೆಯ ಷರತ್ತು ಫೋನಲ್ಲೇ ಕೇಳಿದೆ, ಅದಕ್ಕೇ ಎಂಟು ಸಲ ಒಗೆಸ್ತಿದೀನಿ.”

ಫೀಫಿ ಮನಸ್ಸಿನಲ್ಲೇ ಗುಣಿಸಿದ. ಗಿರಣಿ ಕಟ್ಟಿದಂದಿನಿಂದ ಒಂದು ದಿನದಲ್ಲಿ ಇಷ್ಟು ನೀರು ಯಾರೂ ಹೊರಗೆ ಬಿಟ್ಟಿರಲಿಲ್ಲ. ಅವನ ಯಂತ್ರ ವರ್ಷವಿಡೀ ಓಡಿ ಉಳಿಸುವ ನೀರು ನಾಡಿದ್ದು ಊಟದ ಹೊತ್ತಿಗೆ ಹರಿದುಹೋಗಲಿತ್ತು.

“ಎಂಟು ಅನ್ನೋದು ನಾನು ಅಂದಾಜಿಗೆ ಹೇಳಿದ್ದು,” ಎಂದರು ಅಡೊಟೆ. “ಇಲ್ಲಿ ಯಾರ ಮೂಗೂ ಕೆಲಸ ಮಾಡಲ್ಲ. ಮೂವತ್ತು ವರ್ಷ ಈ ರಾಳದಲ್ಲಿ ಬೆಂದು ನನಗೆ ನನ್ನೂಟದ ವಾಸನೇನೇ ಗೊತ್ತಾಗಲ್ಲ. ನೀನೊಬ್ಬ ಮೂರು ವರ್ಷದಿಂದ ಆ ಮುಚ್ಚಿದ ಯಂತ್ರದ ಹತ್ರ ಇದೀಯ, ನಿನ್ನ ಮೂಗು ಉಳ್ಕೊಂಡಿದೆ. ಇವತ್ತಿಂದ ಅದೇ ನಿನ್ನ ಕೆಲಸ. ಸಂಬಳದಲ್ಲಿ ಏನೂ ಬದಲಾವಣೆ ಇಲ್ಲ. ನೀನು ವಾಸನೆ ಇಲ್ಲ ಅನ್ನೋವರೆಗೂ ಒಗೀತಾನೇ ಇರ್ತಾರೆ.”

ಒಬ್ಬ ಕೆಲಸದವನು ಎರಡು ಸಲ ಒಗೆದ ತುಂಡೊಂದನ್ನು ಹಿಂಡಿ ತಂದುಕೊಟ್ಟ. ಇನ್ನೊಬ್ಬ ನೀರಿನ ತಿರುಪಿನ ಮೇಲೆ ಕೈಯಿಟ್ಟುಕೊಂಡು ಇವನ ಮುಖ ನೋಡುತ್ತ ನಿಂತ. ಅದೇ ನೀಲಿ, ಅದೇ ಬಳ್ಳಿ. ಫೀಫಿ ಬಟ್ಟೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿಗೆ ಕಂಡದ್ದು ಹಳ್ಳ, ಅದರ ದಂಡೆಯ ಬೆಂಡೆ ಗಿಡಗಳು, ಆಮೇಲೆ ಇಡೀ ಗಾಡಿಯನ್ನು ವಾಪಸ್ಸು ಕಳಿಸಬಲ್ಲ ಮಾಮೆಯ ಮೂಗು.

“ಹೇಗಿದೆ?” ಎಂದು ಕೇಳಿದರು ಅಡೊಟೆ. “ಇನ್ನೂ ಆರು ಸಲ ಬಿಡಿಸ್ಲಾ?”

ಅವರು ತಾವೂ ಒಂದು ಸಲ ಮೂಸಿ, ಏನೂ ತಿಳಿಯದೆ, ಮತ್ತೆ ಅವನ ಕಡೆ ನೋಡಿದರು.

“ಬೇಡ ಸಾರ್. ಇಷ್ಟು ಸಾಕು,” ಎಂದ ಫೀಫಿ. “ಗಾಡಿಗೆ ತುಂಬಿಸಿ.”

ತಿರುಪಿನವನು ನೀರು ನಿಲ್ಲಿಸಿದ. ಮರುದಿನ ಬೆಳಿಗ್ಗೆಯ ಮೊದಲ ಗಾಡಿ ಮಾಮೆ ಫ್ರೆಮಾಳ ಅಂಗಡಿಗೇ ಹೋಗುವುದೆಂದು ಚೀಟಿ ಬರೆದರು. ಬಟ್ಟೆ ರಾಳದ ವಾಸನೆ ಹೊಡೆಯುತ್ತಿತ್ತು ಎಂಬುದನ್ನು ಫೀಫಿ ಯಾರಿಗೂ ಹೇಳಲಿಲ್ಲ.